ಫುಟ್‌ಬಾಲ್ ಕೋಚ್ ಕಥೆಯ ಕಿರುಚಿತ್ರ: ಪಂದ್ಯ ಎಷ್ಟು ತೋರಿಸಬೇಕು, ಹೇಗೆ ತೋರಿಸಬೇಕು?

ನೆರಳುಬೆಳಕು_ಹಾಸನ
ಎಲ್ಲರಿಗೂ ನಮಸ್ಕಾರ. 35 ನಿಮಿಷದ ಚಿತ್ರ. ಕಥೆ ಇಷ್ಟು: ಚಿಕ್ಕಮಗಳೂರಿನ ಸಣ್ಣ ಕ್ಲಬ್ಬೊಂದನ್ನು ಮೇಲಕ್ಕೆ ತಂದ ಕೋಚ್, ಇಷ್ಟು ವರ್ಷ ತಾನೇ ಬೈದುಕೊಂಡು ಬಂದ ಹಾಸನದ ಚಾಂಪಿಯನ್ ತಂಡದ ಹೊಣೆ ಹೊರುತ್ತಾನೆ. ಜೊತೆಗಿದ್ದ ಸಹಾಯಕ ಕೋಚ್ "ನಾನು ಬರಲ್ಲ" ಅಂತ ಊರಲ್ಲೇ ಉಳೀತಾನೆ. ಆರು ವಾರದಲ್ಲಿ ಎಲ್ಲ ಮುಗಿಯುತ್ತೆ. ಇಂಗ್ಲೆಂಡಿನ ಫುಟ್‌ಬಾಲ್ ಕೋಚ್ ಬ್ರಯನ್ ಕ್ಲಫ್ 1974ರಲ್ಲಿ ಲೀಡ್ಸ್ ಯುನೈಟೆಡ್‌ನಲ್ಲಿ ಕಳೆದ 44 ದಿನಗಳೇ ಪ್ರೇರಣೆ, ಮುಚ್ಚುಮರೆ ಇಲ್ಲ. ನಮ್ಮ ಕಥೆ ನಡೆಯೋದು ಈಗಿನ ಕಾಲದಲ್ಲಿ.

ಇರುವುದು: ಎರಡು ಮಿರರ್‌ಲೆಸ್ ಕ್ಯಾಮೆರಾ, ಒಂದು 70-200 ಲೆನ್ಸ್, ಒಂದು 35 ಎಂಎಂ, ಪ್ರೇಕ್ಷಕರಾಗಿ 60 ಜನ, ಮೈದಾನಕ್ಕೆ ಎರಡು ದಿನ. ಚಿತ್ರಕಥೆಯಲ್ಲಿ ನಾಲ್ಕು ಪಂದ್ಯ ಇವೆ. ಆಗುತ್ತಾ?

ಕಾಫಿನಾಡ_ಕ್ಯಾಮೆರಾ
ನಾಲ್ಕು ಪಂದ್ಯ ಎರಡು ದಿನಕ್ಕೆ ಆಗಲ್ಲ ಮಾರಾಯ್ರೆ. ಆಟದ ಒಂದು ತುಣುಕು, ಅಂದರೆ ಪಾಸ್, ಪಾಸ್, ಕ್ರಾಸ್, ಹೆಡರ್, ತೆರೆಯ ಮೇಲೆ ಎಂಟು ಸೆಕೆಂಡ್ ಬರುತ್ತೆ. ಅದನ್ನು ಕಲಿಸಿ, ಎರಡು ಕೋನದಿಂದ ಸರಿಯಾಗಿ ಹಿಡಿಯೋಕೆ ಒಂದು ಗಂಟೆಗಿಂತ ಕಡಿಮೆ ಹಿಡಿಯಲ್ಲ. ಹತ್ತು ಸಲ ಕ್ರಾಸ್ ಹಾಕಿದರೆ ಮೂರು ಸಲ ಚೆಂಡು ಹೇಳಿದ ಜಾಗಕ್ಕೆ ಬಂದೀತು. ಒಳ್ಳೆ ಬೆಳಕು ದಿನಕ್ಕೆ ಐದು ಗಂಟೆ, ಎರಡು ದಿನಕ್ಕೆ ಹತ್ತು. ಲೆಕ್ಕ ನೀವೇ ಹಾಕಿ.

ಒಂದು ಪಂದ್ಯ ಪೂರ್ತಿ ಇಟ್ಕೊಳ್ಳಿ. ಉಳಿದ ಮೂರನ್ನು ಬೇರೆ ಥರ ಹೇಳಿ.

ಬಯಲುಸೀಮೆ_ಬರಹ
ಅದಕ್ಕೆ ದಾರಿ ನಿಮ್ಮ ಪ್ರೇರಣೆಯಲ್ಲೇ ಇದೆ. ಅದೇ 44 ದಿನದ ಬಗ್ಗೆ 2009ರಲ್ಲಿ ಬಂದ 'ದ ಡ್ಯಾಮ್ಡ್ ಯುನೈಟೆಡ್' ಸಿನಿಮಾದಲ್ಲಿ ಕ್ಲಫ್ ಮುಂಚೆ ಕೋಚ್ ಆಗಿದ್ದ ಡರ್ಬಿ ತಂಡಕ್ಕೂ ಲೀಡ್ಸ್‌ಗೂ ಪಂದ್ಯ ನಡೆಯುವ ಹೊತ್ತಿಗೆ ಅವನು ಮೈದಾನಕ್ಕೆ ಬರೋದೇ ಇಲ್ಲ. ಒಳಗೆ ಕೂತು ಹೊರಗಿನ ಗದ್ದಲ ಕೇಳ್ತಾನೆ. ಯಾರು ಗೋಲು ಹೊಡೆದರು ಅನ್ನೋದನ್ನು ಸದ್ದಿನಲ್ಲೇ ಊಹಿಸಬೇಕು, ಅವನೂ, ನಾವೂ. ನೂರು ಜನ ಆಟಗಾರರನ್ನು ತೋರಿಸಿದ್ದರೂ ಅವನ ಆಸೆ, ದಿಗಿಲು ಇಷ್ಟು ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ. ಹಾಗಂತ ಅದೇ ದೃಶ್ಯವನ್ನು ಎತ್ಕೋಬೇಡಿ, ಕ್ರಮವನ್ನು ಮಾತ್ರ ನೋಡಿ.

ಕೋಚ್ ಕಥೆಯ ದೊಡ್ಡ ಅನುಕೂಲ ಇದೇ. ನಾಯಕ ಆಡಬೇಕಾಗಿಲ್ಲ. ಆಟಗಾರನ ಕಥೆಯಾಗಿದ್ದರೆ ನಟನಿಗೆ ಆರು ತಿಂಗಳು ಚೆಂಡು ಕಲಿಸಬೇಕಿತ್ತು.

ಚಿತ್ರಕಥೆಯ ಬಗ್ಗೆ ಒಂದು ಮಾತು. ನಿಜದಲ್ಲಿ ನಡೆದದ್ದರ ಲೆಕ್ಕ ಹೀಗಿದೆ: 1974ರ ಜುಲೈ 30ರಿಂದ ಸೆಪ್ಟೆಂಬರ್ 12. ಆರು ಲೀಗ್ ಪಂದ್ಯ, ಒಂದೇ ಗೆಲುವು, ಎರಡು ಡ್ರಾ, ಮೂರು ಸೋಲು. ಆಗ ಗೆಲುವಿಗೆ ಎರಡೇ ಅಂಕ, ಹಾಗಾಗಿ ಒಟ್ಟು ನಾಲ್ಕು. ಹಿಂದಿನ ಋತುವಿನ ಚಾಂಪಿಯನ್ ತಂಡಕ್ಕೆ! ಆದರೆ ಕಥೆ ಸೋಲಿನಲ್ಲಿಲ್ಲ. ಹಿಂದಿನ ಕೋಚ್ ಡಾನ್ ರೀವಿ ಹದಿಮೂರು ವರ್ಷ ಕಟ್ಟಿದ ತಂಡ ಅದು, ಆಟಗಾರರಲ್ಲಿ ಹೆಚ್ಚಿನವರು ಅವರ ಕೈಯಲ್ಲೇ ಬೆಳೆದವರು. ಆ ತಂಡದ ಆಟವನ್ನು ಕ್ಲಫ್ ವರ್ಷಗಳಿಂದ ಬಹಿರಂಗವಾಗಿ ಕೊಳಕು ಅಂದವರು. ಮೊದಲ ಸಭೆಯಲ್ಲೇ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಅಂದರು ಅನ್ನೋದು ಪ್ರಸಿದ್ಧ. ಪಕ್ಕದಲ್ಲಿ ಸಹಾಯಕ ಕೋಚ್ ಪೀಟರ್ ಟೇಲರ್ ಇರಲಿಲ್ಲ, ಇಬ್ಬರೂ ಅದಕ್ಕೆ ಮುಂಚೆ ಇದ್ದ ಬ್ರೈಟನ್ ಕ್ಲಬ್ಬಿನಲ್ಲೇ ಉಳಿದಿದ್ದರು. ಆಟಗಾರರನ್ನು ಗುರುತಿಸಿ ತರೋದರಲ್ಲಿ ಟೇಲರ್ ಕಣ್ಣು ದೊಡ್ಡದು, ಹುಡುಗರ ಜೊತೆ ತಮಾಷೆ ಮಾಡಿ ಬಿಸಿ ಇಳಿಸೋದೂ ಅವರ ಕೆಲಸ. ಆ ಕೆಲಸ ಮಾಡೋರು ಯಾರೂ ಇಲ್ಲದ ಡ್ರೆಸ್ಸಿಂಗ್ ರೂಮನ್ನು ಬರೆಯಿರಿ. ನಿಮ್ಮ 35 ನಿಮಿಷದಲ್ಲಿ 15 ನಿಮಿಷ ಅಲ್ಲೇ ಹೋದರೂ ನಷ್ಟ ಇಲ್ಲ.

ಎಡಗಾಲು_11
ಒಪ್ಪಲ್ಲ ಸರ್. ಫುಟ್‌ಬಾಲ್ ಇಲ್ಲದ ಫುಟ್‌ಬಾಲ್ ಸಿನಿಮಾ ನೋಡೋಕೆ ಆಡುವ ಹುಡುಗರು ಯಾಕೆ ಬರ್ತಾರೆ? ಕೋಚ್ ಏನೋ ಬದಲಾಯಿಸಿದ, ಅದರಿಂದ ತಂಡ ಕೆಟ್ಟಿತು ಅನ್ನೋದು ಮೈದಾನದಲ್ಲಿ ಕಾಣಬೇಕು. ಬರೀ ಸದ್ದಿನಲ್ಲಿ ಹೇಳಿದರೆ "ದುಡ್ಡಿರಲಿಲ್ಲ, ಅದಕ್ಕೆ ತೋರಿಸಲಿಲ್ಲ" ಅಂತ ಗೊತ್ತಾಗಿಬಿಡುತ್ತೆ.

ಒಂದು ಉದಾಹರಣೆ. ಹಳೇ ತಂಡ ಉದ್ದ ಚೆಂಡು ಎತ್ತಿ ಹಾಕಿ ಎರಡನೇ ಚೆಂಡಿಗೆ, ಅಂದರೆ ಅದು ತಾಗಿ ಚಿಮ್ಮಿ ಬಿದ್ದ ಜಾಗಕ್ಕೆ, ಮುಗಿಬೀಳುವ ತಂಡ. ಹೊಸ ಕೋಚ್ ಗೋಲ್‌ಕೀಪರ್‌ನಿಂದ ನೆಲದ ಮೇಲೇ ಕಟ್ಟಿಕೊಂಡು ಬನ್ನಿ ಅಂತಾನೆ. ಸ್ಟಾಪರ್‌ಗೆ (ಹಿಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್) ಅಭ್ಯಾಸ ಇಲ್ಲ, ಚೆಂಡು ಬಂದಾಗ ಮೈ ಪೂರ್ತಿ ತನ್ನ ಗೋಲಿನ ಕಡೆಗೇ ತಿರುಗಿದೆ, ಫಾರ್ವರ್ಡ್ ಬಂದು ಕಸಿದುಕೊಂಡು ಹೊಡೆದ. ಇದೇ ಸನ್ನಿವೇಶವನ್ನು ಮೂರು ಸಲ ತೋರಿಸಿ: ಅಭ್ಯಾಸದಲ್ಲಿ ಒಂದು, ಪಂದ್ಯದಲ್ಲಿ ಎರಡು. ಮೂರನೇ ಸಲ ಅವನು ಕೋಚ್ ಮುಖ ನೋಡಿಕೊಂಡೇ ಉದ್ದಕ್ಕೆ ಎತ್ತಿ ಒದೀತಾನೆ. ಬಂಡಾಯ ಅಂದರೆ ಅದು. ಸಂಭಾಷಣೆ ಬೇಕಾಗಿಲ್ಲ.

ನೆರಳುಬೆಳಕು_ಹಾಸನ
ಆ ಮೂರನೇ ಒದೆತ ಚಿತ್ರಕಥೆಗೆ ಹೋಯ್ತು! ಸರಿ, ಒಂದು ಪಂದ್ಯ ಪೂರ್ತಿ, ಒಂದು ಅಭ್ಯಾಸ, ಉಳಿದ ಪಂದ್ಯಗಳು ಸದ್ದಿನಲ್ಲಿ. ಈಗ ಮೈದಾನದ ವಿಚಾರ. ಪೂರ್ತಿ ಗೆರೆ ಹಾಕಬೇಕಾ?

ಸಿಳ್ಳೆ
ಬೇಡ. 105 × 68 ಮೀಟರಿನ ಪೂರ್ತಿ ಮೈದಾನಕ್ಕೆ ವೃತ್ತ, ಪೆನಾಲ್ಟಿ ಪ್ರದೇಶ ಎಲ್ಲ ಸೇರಿ ಸುಮಾರು 700 ಮೀಟರ್ ಗೆರೆ ಬೀಳುತ್ತೆ. ಅರ್ಧ ಮೈದಾನ ಸಾಕು, 400 ಮೀಟರಿನೊಳಗೆ ಮುಗಿಯುತ್ತೆ. ಒಂದೇ ಗೋಲನ್ನು ಎರಡೂ ಕಡೆಯದಾಗಿ ತೋರಿಸಬಹುದು, ಹೇಗೆ ಅಂತ ಕ್ಯಾಮೆರಾದವರು ಹೇಳಲಿ. ಅಳತೆ ಮಾತ್ರ ತಪ್ಪಬಾರದು: ಗೋಲು 7.32 ಮೀಟರ್ ಅಗಲ, 2.44 ಎತ್ತರ. ಪೆನಾಲ್ಟಿ ಪ್ರದೇಶ ಕಂಬದಿಂದ ಆಚೆಗೆ 16.5 ಮೀಟರ್, ಒಳಕ್ಕೂ 16.5. ಪೆನಾಲ್ಟಿ ಒದೆಯುವ ಸ್ಪಾಟ್ ಗೋಲಿನಿಂದ 11 ಮೀಟರಿಗೆ. ಅದರಿಂದ 9.15 ಮೀಟರ್ ಹಗ್ಗ ಹಿಡಿದರೆ ಪ್ರದೇಶದ ಹೊರಗಿನ ಕಮಾನು ತಾನಾಗಿ ಬರುತ್ತೆ. ಬಹಳ ಚಿತ್ರಗಳಲ್ಲಿ ಈ ಕಮಾನನ್ನೇ ಮರೆತಿರ್ತಾರೆ.

ದಯವಿಟ್ಟು ಸುಟ್ಟ ಸುಣ್ಣದ ಪುಡಿ ಹಾಕಬೇಡಿ. ಒದ್ದೆ ಹುಲ್ಲಿನ ಮೇಲೆ ಜಾರಿ ಬಿದ್ದವರ ಮೊಣಕಾಲು ಸುಡುತ್ತೆ, ಕಣ್ಣಿಗೆ ಹೋದರೆ ಅಪಾಯ. ನಿಮ್ಮ ಹುಡುಗರು ಅದೇ ಜಾಗದಲ್ಲಿ ಹತ್ತು ಸಲ ಬೀಳೋರು. ಚಾಕ್ ಪುಡಿ ಹಾಕಿ. ಇಬ್ಬನಿ ಜಾಸ್ತಿ ಇದ್ದರೆ ಬಿಳಿ ಎಮಲ್ಷನ್ ಪೇಂಟನ್ನು ನೀರಲ್ಲಿ ತೆಳ್ಳಗೆ ಮಾಡಿ, ಮೈದಾನದವರ ಒಪ್ಪಿಗೆ ಪಡೆದು ಹಾಕಿ. ಗೆರೆ 12 ಸೆಂಟಿಮೀಟರ್ ಮೀರಬಾರದು.

ಬೆಂಚಿನ ಮುಂದೆ ಟೆಕ್ನಿಕಲ್ ಏರಿಯಾಕ್ಕೆ (ಕೋಚ್ ನಿಂತು ಸೂಚನೆ ಕೊಡುವ ಜಾಗ) ಚುಕ್ಕಿ ಗೆರೆ ಹಾಕೋದು ಮರೀಬೇಡಿ. ಆಸನಗಳ ಎರಡೂ ಪಕ್ಕ ಒಂದೊಂದು ಮೀಟರ್, ಮುಂದಕ್ಕೆ ಟಚ್‌ಲೈನಿಗೆ (ಮೈದಾನದ ಉದ್ದನೆಯ ಅಂಚಿನ ಗೆರೆ) ಒಂದು ಮೀಟರ್ ಬಾಕಿ ಇರುವವರೆಗೆ. ಒಂದು ಹೊತ್ತಿಗೆ ಒಬ್ಬರೇ ಎದ್ದು ನಿಂತು ಸೂಚನೆ ಕೊಡಬಹುದು. ಇದು ನಿಮ್ಮ ನಾಟಕಕ್ಕೆ ಉಪಯೋಗಕ್ಕೆ ಬರುತ್ತೆ: ಕೋಚ್ ಎದ್ದಾಗ ಹಳೇ ಕೋಚ್‌ನ ಕಡೆಯವನೊಬ್ಬ ಕೂತಲ್ಲಿಂದಲೇ ಸನ್ನೆ ಮಾಡ್ತಾ ಇರಲಿ, ಹುಡುಗರು ಯಾರ ಕಡೆ ನೋಡ್ತಾರೆ ಅಂತ ತೋರಿಸಿ.

ಎಡಗಾಲು_11
ಸಿಳ್ಳೆ ಸರ್, 1974ರ ದೃಶ್ಯವನ್ನು ಟಿವಿಯಲ್ಲಿ ಓಡ್ತಿರೋ ಹಾಗೆ ಅರ್ಧ ನಿಮಿಷ ಹಾಕೋ ಯೋಚನೆ ಇದ್ದರೆ? ಆಗಿನ ನಿಯಮ ಬೇರೆ ಅಲ್ವಾ?

ಸಿಳ್ಳೆ
ಬಹಳ ಬೇರೆ. ಆ ವರ್ಷ ಆಗಸ್ಟ್ 10ರಂದು ವೆಂಬ್ಲಿಯಲ್ಲಿ ಚಾರಿಟಿ ಶೀಲ್ಡ್ ಪಂದ್ಯ, ಲೀಡ್ಸ್–ಲಿವರ್‌ಪೂಲ್. ಲೀಡ್ಸ್‌ನ ಬಿಲ್ಲಿ ಬ್ರೆಮ್ನರ್, ಲಿವರ್‌ಪೂಲ್‌ನ ಕೆವಿನ್ ಕೀಗನ್ ಇಬ್ಬರನ್ನೂ ಹೊರಗೆ ಕಳಿಸಿದರು, ಇಬ್ಬರೂ ಅಂಗಿ ಕಳಚಿ ಎಸೆದು ಹೋದರು. ಅಲ್ಲಿ ರೆಫ್ರಿ ಕೈಯಲ್ಲಿ ಕೆಂಪು ಕಾರ್ಡ್ ಕೊಟ್ಟರೆ ತಪ್ಪು. ಕಾರ್ಡುಗಳು 1970ರ ವಿಶ್ವಕಪ್‌ಗೆ ಬಂದಿದ್ದರೂ ಇಂಗ್ಲಿಷ್ ಲೀಗಿಗೆ ಬಂದದ್ದು 1976ರ ಅಕ್ಟೋಬರಿನಲ್ಲಿ. ಬೆರಳು ತೋರಿಸಿ ಕಳಿಸೋದಷ್ಟೇ. ಪಂದ್ಯ 1–1 ಆಗಿ ಪೆನಾಲ್ಟಿಯಲ್ಲಿ ಲಿವರ್‌ಪೂಲ್ 6–5ಕ್ಕೆ ಗೆದ್ದಿತು.

ಜರ್ಸಿಯ ಬೆನ್ನಿಗೆ ಹೆಸರು ಬೇಡ, ಬರೀ ನಂಬರು, ಶುರುವಿನ ತಂಡಕ್ಕೆ 1ರಿಂದ 11. ಲೀಗಿನಲ್ಲಿ ಒಬ್ಬನೇ ಬದಲಿ ಆಟಗಾರ. ಗೋಲ್‌ಕೀಪರ್ ಹಿಂದಕ್ಕೆ ಬಂದ ಪಾಸನ್ನು ಕೈಯಲ್ಲಿ ಹಿಡೀಬಹುದಿತ್ತು, ಆ ನಿಯಮ ಬದಲಾದದ್ದು 1992ರಲ್ಲಿ. ಟೆಕ್ನಿಕಲ್ ಏರಿಯಾ ಬಂದದ್ದು 1993ರಲ್ಲಿ, ಆದ್ದರಿಂದ ಕ್ಲಫ್ ಅಂಚಿನಲ್ಲಿ ಓಡಾಡ್ತಾ ಕೂಗೋ ಹಾಗೆ ತೋರಿಸಬೇಡಿ. ಡಗ್‌ಔಟಿನಲ್ಲಿ, ಅಂದರೆ ಅಂಚಿನ ಬೆಂಚಿನಲ್ಲಿ, ಕೂತಿರಲಿ.

ನನ್ನ ಕೇಳಿದರೆ ಆ ಅರ್ಧ ನಿಮಿಷ ಬೇಡವೇ ಬೇಡ. ಈಗಿನ ಕಥೆ, ಈಗಿನ ನಿಯಮ. ಐದು ಬದಲಿ ಅವಕಾಶ, ವಿರಾಮ 15 ನಿಮಿಷ ಮೀರುವ ಹಾಗಿಲ್ಲ.

ಕಾಫಿನಾಡ_ಕ್ಯಾಮೆರಾ
ಒಂದೇ ಗೋಲಿನ ವಿಚಾರ. ಒಂದು ತಂಡದ ದಾಳಿ ತೆಗೆಯುವಾಗ ಕ್ಯಾಮೆರಾ ಎರಡೂ ಒಂದೇ ಟಚ್‌ಲೈನ್ ಕಡೆ ಇರಲಿ. ನಾಯಕನ ತಂಡ ಮೊದಲರ್ಧದಲ್ಲಿ ಎಡದಿಂದ ಬಲಕ್ಕೆ ಆಡುತ್ತೆ ಅಂತ ತೀರ್ಮಾನ ಮಾಡಿ, ಆ ದಾಳಿಗಳನ್ನೆಲ್ಲ ಒಟ್ಟಿಗೆ ಮುಗಿಸಿ. ಎದುರಾಳಿಯ ದಾಳಿಗೆ ಕ್ಯಾಮೆರಾವನ್ನು ಆಚೆ ಟಚ್‌ಲೈನಿಗೆ ದಾಟಿಸಿ, ಅದೇ ಗೋಲಿನ ಮೇಲೆ ಹೊಡೆಸಿ, ಆಗ ಬಲದಿಂದ ಎಡಕ್ಕೆ ಕಾಣುತ್ತೆ. ಹಿನ್ನೆಲೆ ಮಾತ್ರ ಬದಲಾಗುತ್ತೆ, ಹಾಗಾಗಿ ಅವನ್ನು ಬಿಗಿ ಫ್ರೇಮಿನಲ್ಲಿ ಹಿಡೀರಿ. ಚಿತ್ರವನ್ನು ಕನ್ನಡಿ ಥರ ತಿರುಗಿಸಿ ಹಾಕೋಣ ಅನ್ನೋರು ಇರ್ತಾರೆ. ಜರ್ಸಿ ನಂಬರು ಉಲ್ಟಾ ಆಗುತ್ತೆ, ಎಡಗಾಲಿನವನು ಬಲಗಾಲಿನವನಾಗ್ತಾನೆ.

ಸೆಟ್ಟಿಂಗ್: 25 ಫ್ರೇಮ್, ಶಟರ್ 1/100. ಆಟಕ್ಕೆ 1/50 ಇಟ್ಟರೆ ಒದ್ದ ಚೆಂಡು ಬಿಳಿ ಗೀಟಿನ ಹಾಗೆ ಕಾಣುತ್ತೆ. ಸ್ಲೋ ಮೋಷನ್ ಬೇಕಿದ್ದರೆ 50 ಫ್ರೇಮ್, ಅದೇ 1/100. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಫ್ಲಡ್‌ಲೈಟಿನ ಕೆಳಗೆ 1/50 ಅಥವಾ 1/100 ಬಿಟ್ಟು ಬೇರೆ ಇಟ್ಟರೆ ಚಿತ್ರ ಮಿಣಮಿಣ ಅನ್ನುತ್ತೆ. ಡ್ರೆಸ್ಸಿಂಗ್ ರೂಮಿನಲ್ಲೂ ಇದೇ ಕಾಟ. ಮೊದಲೇ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ.

ಕ್ಯಾಮೆರಾ ಎತ್ತರ ಮೊಣಕಾಲಿನಷ್ಟು, ಲೆನ್ಸ್ 135ರಿಂದ 200. ಆಟಗಾರರ ಕಾಲು, ಹುಲ್ಲು, ಹಿಂದೆ ಮಸುಕಾದ ಜನ. ಖಾಲಿ ಗ್ಯಾಲರಿ ಫ್ರೇಮಿಗೇ ಬರಲ್ಲ. 60 ಜನರನ್ನು ಸಾಲಾಗಿ ಕೂರಿಸಬೇಡಿ, ನಾಲ್ಕು ಮೆಟ್ಟಿಲಲ್ಲಿ ಹದಿನೈದು ಹದಿನೈದು, ಹಿಂದಿನವರು ಮುಂದಿನವರ ಭುಜಗಳ ಸಂದಿಯಲ್ಲಿ ಕಾಣೋ ಹಾಗೆ. ತುಂಬಿದ ಗ್ಯಾಲರಿ ಒಂದು ಸಲವಾದರೂ ಬೇಕು ಅಂದರೆ ಟ್ರೈಪಾಡ್ ಅಲುಗಾಡದ ಹಾಗೆ ನಿಲ್ಲಿಸಿ, ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನ್ಯುಯಲ್ ಮಾಡಿ, ಅದೇ 60 ಜನರನ್ನು ಐದು ಜಾಗಕ್ಕೆ ಸರಿಸಿ ಐದು ಸಲ ತೆಗೆದು ಎಡಿಟಿಂಗ್‌ನಲ್ಲಿ ಜೋಡಿಸಿ. ಪ್ರತಿ ಸಲ ಟೋಪಿ, ಶಾಲು ಅದಲುಬದಲಾಗಲಿ. 20 ನಿಮಿಷದೊಳಗೆ ಐದೂ ಮುಗೀಬೇಕು. ಇಲ್ಲದಿದ್ದರೆ ನೆರಳು ಸರಿದು ಜೋಡಣೆ ಬಿಟ್ಟುಕೊಳ್ಳುತ್ತೆ. ಕೆಂಪು ಶರ್ಟಿನವರನ್ನು ಅಂಚಿನಲ್ಲಿ ಕೂರಿಸಬೇಡಿ, ಎರಡು ಸಲ ಕಂಡರೆ ಕಳ್ಳತನ ಅಲ್ಲೇ ಸಿಕ್ಕಿಬೀಳುತ್ತೆ.

ಅರಸೀಕೆರೆ_ಪ್ಯಾಸೆಂಜರ್
ಜರ್ಸಿ ಬಣ್ಣ ಯಾವುದು?

ನೆರಳುಬೆಳಕು_ಹಾಸನ
ಹಾಸನದ ತಂಡಕ್ಕೆ ಪೂರ್ತಿ ಬಿಳಿ, ಲೀಡ್ಸ್ ಥರ. ಚಿಕ್ಕಮಗಳೂರಿಗೆ ಕಡುಹಸಿರು.

ಕಾಫಿನಾಡ_ಕ್ಯಾಮೆರಾ
ಎರಡೂ ಕೆಟ್ಟ ಆಯ್ಕೆ, ಬೇಜಾರು ಮಾಡ್ಕೋಬೇಡಿ. ಕಡುಹಸಿರು ಹುಲ್ಲಿನಲ್ಲಿ ಸೇರಿಹೋಗುತ್ತೆ. ಬಿಳಿ ಬಿಸಿಲಿನಲ್ಲಿ ಉರಿದುಹೋಗುತ್ತೆ, ಬೆಳಗಿನ ಮಂಜಿನಲ್ಲಿ ಮಾಯವೇ ಆಗುತ್ತೆ. ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಗ್ಗೆ ತೆಗೀತೀರಿ ಅಂದರೆ ತಲೆ ಮಾತ್ರ ಓಡಾಡೋ ಹಾಗೆ ಕಾಣುತ್ತೆ. ಬಿಳಿಯೇ ಬೇಕಿದ್ದರೆ ಚಹದ ನೀರಿನಲ್ಲಿ ಒಂದು ಸಲ ಅದ್ದಿ, ಸ್ವಲ್ಪ ಹಳದಿ ಛಾಯೆ ಬರಲಿ, ಕ್ಯಾಮೆರಾಗೆ ಬಿಳಿಯಾಗೇ ಕಾಣುತ್ತೆ. ಪಾಲಿಯೆಸ್ಟರ್ ಬಣ್ಣ ಹಿಡಿಯಲ್ಲ, ಹತ್ತಿಯದೇ ಹೊಲಿಸಿ. ಎದುರಾಳಿಗೆ ಕಡುಕೆಂಪು ಅಥವಾ ನೀಲಿ.

ಪ್ರತಿ ಮುಖ್ಯ ಆಟಗಾರನಿಗೆ ಮೂರು ಜೊತೆ: ಶುಚಿ, ಅರ್ಧ ಕೊಳೆ, ಪೂರ್ತಿ ಕೊಳೆ. ದೃಶ್ಯಗಳನ್ನು ಹಿಂದುಮುಂದಾಗಿ ತೆಗೆಯುವಾಗ ಇದೇ ಕೈಹಿಡಿಯೋದು. ನಮ್ಮ ಕಡೆಯ ಕೆಮ್ಮಣ್ಣು ಬಿಳಿ ಬಟ್ಟೆಗೆ ಹತ್ತಿದರೆ ಹೋಗಲ್ಲ, ಒಂದೇ ಜೊತೆ ಇದ್ದರೆ ಕಥೆ ಮುಗೀತು. ಮುಖಕ್ಕೆ ನೆಲದ ಮಣ್ಣು ಮೆತ್ತಬೇಡಿ, ಮುಲ್ತಾನಿ ಮಿಟ್ಟಿಗೆ ಚೂರು ಕಾಫಿ ಪುಡಿ ಕಲಸಿ. (ಕಾಫಿ ಪುಡಿಗೆ ನಮ್ಮೂರಲ್ಲಿ ಬರ ಇಲ್ಲ.)

ಎಡಗಾಲು_11
ಕೆಸರು ಅಂದರೆ ನೆನಪಾಗೋದು ಡರ್ಬಿಯ ಹಳೇ ಬೇಸ್‌ಬಾಲ್ ಗ್ರೌಂಡ್. 1977ರಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಪಂದ್ಯದಲ್ಲಿ ಪೆನಾಲ್ಟಿ ಸಿಕ್ಕಾಗ ಕೆಸರಿನಲ್ಲಿ ಸ್ಪಾಟೇ ಕಾಣದೆ, ಮೈದಾನದ ಕೆಲಸದವರು ಅಳತೆ ಪಟ್ಟಿ, ಬಣ್ಣದ ಬಕೆಟ್ಟು ತಂದು ಪಂದ್ಯದ ಮಧ್ಯೆ ಮತ್ತೆ ಬರೆದರು. ಇಂಥದ್ದನ್ನು ಸಿನಿಮಾದಲ್ಲಿ ಹಾಕಿದರೆ ಜನ ಸುಳ್ಳು ಅಂತಾರೆ.

ಆಟಗಾರರ ಬಗ್ಗೆ: ನಟರಿಗೆ ಆಟ ಕಲಿಸಬೇಡಿ, ಆಡುವವರನ್ನೇ ತನ್ನಿ. ಮಾತಿರುವ ನಾಲ್ವರು ಮಾತ್ರ ನಟರು, ಅವರನ್ನು ಸೊಂಟದಿಂದ ಮೇಲೆ ತೋರಿಸಿ. ಚೆಂಡಿನ ಗಾಳಿ ನಿಯಮದ ಕೆಳಮಿತಿಗೆ, 0.6 ಅಟ್ಮಾಸ್ಫಿಯರ್‌ಗೆ ಇಳಿಸಿ. ಪುಟಿತ ಕಡಿಮೆಯಾಗುತ್ತೆ, ಹಿಡಿತ ಸುಲಭ. ಅದಕ್ಕಿಂತ ಇಳಿಸಿದರೆ ಒದ್ದಾಗ ಸದ್ದು ಪುಸ್ ಅನ್ನುತ್ತೆ, ಕಣ್ಣಿಗೂ ಗೊತ್ತಾಗುತ್ತೆ. ಟ್ಯಾಕಲ್ ದೃಶ್ಯದಲ್ಲಿ ಬೀಳುವವನೇ ಯಜಮಾನ: ಅವನು ಎಣಿಸಿ ಜಿಗಿಯಬೇಕು, ಕಾಲು ಹಾಕುವವನು ಚೆಂಡಿಗಷ್ಟೇ ತಾಗಿಸಬೇಕು. ಒಣಗಿದ ನೆಲದಲ್ಲಿ ಸ್ಲೈಡ್ ಮಾಡಿಸಬೇಡಿ, ತೊಡೆ ಸಿಪ್ಪೆ ಏಳುತ್ತೆ. ಆ ನಾಲ್ಕು ಮೀಟರ್ ಪಟ್ಟಿಗೆ ಮಾತ್ರ ಎರಡು ಬಕೆಟ್ ನೀರು ಚೆಲ್ಲಿ.

ಶಬ್ದ_ಶ್ರವಣ
ಪಂದ್ಯಗಳನ್ನು ಸದ್ದಿನಲ್ಲಿ ಹೇಳ್ತೀರಿ ಅಂದಮೇಲೆ ನನ್ನ ಪಾಲೂ ಇದೆ. 60 ಜನರನ್ನು ಒಟ್ಟಿಗೆ ಕೂಗಿಸಿ ಒಂದೇ ಸಲ ರೆಕಾರ್ಡ್ ಮಾಡಿದರೆ 60 ಜನರ ಹಾಗೇ ಕೇಳುತ್ತೆ. ಬಯಲಿನಲ್ಲಿ ನಿಲ್ಲಿಸಿ, ಮೈಕ್ 5 ಮೀಟರ್, 15 ಮೀಟರ್, 30 ಮೀಟರ್ ದೂರದಲ್ಲಿ ಇಟ್ಟು ಬೇರೆ ಬೇರೆ ತೆಗೀರಿ. ಪ್ರತಿ ದೂರಕ್ಕೂ ಐದು ಬಗೆ: ಸುಮ್ಮನೆ ಗುಜುಗುಜು, ಚೆಂಡು ಹತ್ತಿರ ಬಂದಾಗಿನ ಏರುದನಿ, ತಪ್ಪಿಹೋದಾಗಿನ "ಅಯ್ಯೋ", ಗೋಲು, ರೆಫ್ರಿಗೆ ಬೈಗುಳ. ಹದಿನೈದು ಪದರ ಆಯ್ತು. ಒಂದರ ಮೇಲೊಂದು ಹಾಕುವಾಗ ಅರ್ಧ ಸೆಕೆಂಡ್ ಹಿಂದುಮುಂದು ಮಾಡಿ. "ಏ, ಪಾಸ್ ಕೊಡಲೇ" ಅಂತ ಒಬ್ಬನ ದನಿ ಎದ್ದು ಕೇಳಿದರೆ ಅದನ್ನು ಒಂದೇ ಸಲ ಬಳಸಿ. ಎರಡನೇ ಸಲ ಬಂದರೆ ಕಿವಿ ಹಿಡಿದುಬಿಡುತ್ತೆ.

ತವರಿನ ಗೋಲಿಗೂ ಎದುರಾಳಿಯ ಗೋಲಿಗೂ ವ್ಯತ್ಯಾಸ ಇರೋದು ಮೌನದಲ್ಲಿ. ಎದುರಾಳಿ ಹೊಡೆದಾಗ ಮೊದಲು ಸದ್ದು ಪಟ್ಟನೆ ಬೀಳುತ್ತೆ, ಆಮೇಲೆ ದೂರದ ಒಂದು ಮೂಲೆಯಿಂದ ಹತ್ತು ಜನರ ಕೇಕೆ. ಒಳಗೆ ಕೂತ ಕೋಚ್‌ಗೆ ಅಷ್ಟು ಸಾಕು. ಗೋಡೆಯಾಚೆಯ ಸದ್ದಿಗೆ ಈಕ್ವಲೈಸರ್‌ನಲ್ಲಿ 500 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿ, ಬಾಗಿಲು ತೆಗೆದ ಕ್ಷಣಕ್ಕೆ ಪೂರ್ತಿ ಬಿಡಿ.

ಡ್ರೆಸ್ಸಿಂಗ್ ರೂಮಿನಲ್ಲಿ ಸಿಮೆಂಟ್ ನೆಲ, ಬರಿ ಗೋಡೆ, ಮಾತು ಗೊಂಯ್ ಅನ್ನುತ್ತೆ. ಕ್ಯಾಮೆರಾಗೆ ಕಾಣದ ಎರಡು ಗೋಡೆಗೆ ದಪ್ಪ ಕಂಬಳಿ ನೇತುಹಾಕಿ. ಬೂಟಿನ ಸ್ಟಡ್ ಸದ್ದನ್ನು ಮಾತಿನ ಜೊತೆ ತೆಗೀಬೇಡಿ: ಮಾತಾಡುವಾಗ ಎಲ್ಲರೂ ಬರಿಗಾಲು ಅಥವಾ ಸಾಕ್ಸ್, ಸ್ಟಡ್ ಸದ್ದು ಆಮೇಲೆ ಬೇರೆಯಾಗಿ. ಕಾಲರ್ ಮೈಕ್ ಪಾಲಿಯೆಸ್ಟರ್ ಜರ್ಸಿಯೊಳಗೆ ಸರಸರ ಅನ್ನುತ್ತೆ, ಹತ್ತಿ ಜರ್ಸಿ ಹೊಲಿಸೋಕೆ ಇದು ಇನ್ನೊಂದು ಕಾರಣ.

ಬಯಲುಸೀಮೆ_ಬರಹ
ಕ್ಲಬ್ ಆಡಳಿತದ ದೃಶ್ಯ ಇದೆಯಾ? ಡರ್ಬಿಯಲ್ಲಿ ಕ್ಲಫ್‌ಗೆ ಆಡಳಿತ ಮಂಡಳಿಯ ಅಧ್ಯಕ್ಷರ ಜೊತೆಗೇ ಜಗಳ, 1973ರ ಅಕ್ಟೋಬರಿನಲ್ಲಿ ರಾಜೀನಾಮೆ. 1972ರಲ್ಲಿ ಲೀಗ್ ಗೆದ್ದುಕೊಟ್ಟವರು ಅವರು!

ನೆರಳುಬೆಳಕು_ಹಾಸನ
ಇದೆ. ಕ್ಲಬ್ಬಿನ ಮಾಲೀಕರು ಕೋಚ್‌ನನ್ನು ತಮ್ಮ ಮನೆಗೆ ಕರೆಸಿ ಕೆಲಸದಿಂದ ತೆಗೀತಾರೆ.

ಬಯಲುಸೀಮೆ_ಬರಹ
ಮಾಲೀಕರು ಅನ್ನೋದು ಇಲ್ಲಿಗೆ ಹೊಂದಲ್ಲ. ನಮ್ಮ ಜಿಲ್ಲೆಗಳ ಕ್ಲಬ್ಬುಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇರೋ ಸಂಘಗಳು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಕಾರ್ಯಕಾರಿ ಸಮಿತಿ. ಅಂದರೆ ಒಬ್ಬ ಸಾಹುಕಾರ ಬೆರಳು ತೋರಿಸಿ ಕಳಿಸೋದಲ್ಲ. ಸಮಿತಿ ಸಭೆ, ನಡಾವಳಿ ಪುಸ್ತಕ, ಅದರಲ್ಲಿ ಠರಾವು, ಸಾಲಾಗಿ ಸಹಿ. ನಾಟಕ ಅಲ್ಲಿದೆ: ನಿನ್ನೆ ರಾತ್ರಿ "ನಾವಿದ್ದೀವಿ ಕೋಚ್ ಸಾರ್" ಅಂದ ಖಜಾಂಚಿ ಇವತ್ತು ಮೂರನೇ ಸಹಿ ಹಾಕ್ತಾನೆ. ಪ್ಲಾಸ್ಟಿಕ್ ಕುರ್ಚಿ, ಸ್ಟೀಲ್ ಬೀರು, ಗೋಡೆ ಮೇಲೆ ಹಳೇ ತಂಡಗಳ ಫೋಟೋ. ಸೆಟ್ಟಿಗೆ ಖರ್ಚೂ ಇಲ್ಲ.

ತಂಡದ ಜೊತೆ ಮ್ಯಾನೇಜರ್ ಅಂತ ಇನ್ನೊಬ್ಬರನ್ನೂ ಕೂರಿಸಿ. ಇಲ್ಲಿ ನೋಂದಣಿ ಪತ್ರ, ಗುರುತಿನ ಚೀಟಿ, ಬಸ್ಸು, ಊಟ ಅವರ ಜವಾಬ್ದಾರಿ, ಹನ್ನೊಂದು ಜನರನ್ನು ಆರಿಸೋದು ಕೋಚ್. ಇಬ್ಬರ ಮಧ್ಯೆ ತಂಡದ ಪಟ್ಟಿಯ ಕಾಗದವೊಂದು ಓಡಾಡುತ್ತಲ್ಲ, ಅದನ್ನು ಬಳಸಿಕೊಳ್ಳಿ.

ನಿಜವಾದ ಕ್ಲಬ್ಬು, ನಿಜವಾದ ಆಟಗಾರರನ್ನು ಹೋಲುವ ಹೆಸರು ಬೇಡ. ಆ 44 ದಿನದ ಬಗ್ಗೆ ಬಂದ, ಆ ಸಿನಿಮಾಕ್ಕೆ ಮೂಲವಾದ ಕಾದಂಬರಿಯಲ್ಲಿ ತಮ್ಮನ್ನು ತೋರಿಸಿದ ರೀತಿಗೆ ಲೀಡ್ಸ್‌ನ ಆಟಗಾರ ಜಾನಿ ಜೈಲ್ಸ್ ಪ್ರಕಾಶಕರನ್ನು ಕೋರ್ಟಿಗೆ ಎಳೆದಿದ್ದರು.

ಅರಸೀಕೆರೆ_ಪ್ಯಾಸೆಂಜರ್
ಯಾವಾಗ ತೆಗೀತೀರಿ ಅನ್ನೋದು ಯಾರೂ ಕೇಳಲೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಸಕಲೇಶಪುರ ಕಡೆ ಕ್ಯಾಮೆರಾ ಹೊರಗೇ ತೆಗೆಯೋಕೆ ಆಗಲ್ಲ. ಫೆಬ್ರವರಿ ದಾಟಿದರೆ ನೀರು ಹಾಕದ ಮೈದಾನದ ಹುಲ್ಲು ಕಂದು. ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ತೋಟದ ಕಡೆಯ ಜನರನ್ನು ಪ್ರೇಕ್ಷಕರಾಗಿ ನೆಚ್ಚಿಕೊಂಡಿದ್ದರೆ ಭಾನುವಾರ ಬಿಟ್ಟು ಸಿಗಲ್ಲ.

ಜಿಲ್ಲಾ ಕ್ರೀಡಾಂಗಣ ಬೇಕಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತ ಅರ್ಜಿ: ದಿನಾಂಕ, ಗಂಟೆ, ಜನಸಂಖ್ಯೆ, ವಾಹನ, ಜನರೇಟರ್ ಇದೆಯೋ ಇಲ್ಲವೋ. ರಾಜ್ಯೋತ್ಸವ, ಗಣರಾಜ್ಯೋತ್ಸವಕ್ಕೆ ಮುಂಚಿನ ದಿನಗಳನ್ನು ಕೇಳಲೇಬೇಡಿ, ಪಥಸಂಚಲನದ ತಾಲೀಮು ಇರುತ್ತೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನದಲ್ಲಿ ಲಾಡ್ಜ್ ಸಿಗಲ್ಲ, ರಸ್ತೆಯೂ ಸಿಗಲ್ಲ. ಅದು ದೀಪಾವಳಿ ಆಸುಪಾಸು. ದೀಪಾವಳಿ ಮುಗಿದು ಬಾಗಿಲು ಹಾಕಿದ ಮೇಲಿನ ಎರಡು ವಾರ ನೋಡಿ. ಹುಲ್ಲು ಇನ್ನೂ ಹಸಿರು, ಮಳೆ ತಗ್ಗಿರುತ್ತೆ. ಒಂದು ದಿನ ಮಳೆಗೆ ಅಂತ ಹೆಚ್ಚುವರಿ ಇಟ್ಕೊಳ್ಳಿ.

ನೆರಳುಬೆಳಕು_ಹಾಸನ
ಬಹಳ ಉಪಕಾರ ಆಯ್ತು. ನವೆಂಬರ್ ಅಂತ ಬರ್ಕೊಂಡೆ, ಜರ್ಸಿ ಕಡುಕೆಂಪು ಮತ್ತು ಚಹದ ಬಿಳಿ, ಸಮಿತಿ ಸಭೆಯನ್ನು ಹೊಸದಾಗಿ ಬರೀತೀವಿ. ಕೊನೇ ಪ್ರಶ್ನೆ: ಗೋಲು ಬಿದ್ದಾಗ ಬಲೆ ಉಬ್ಬೋದು ಟಿವಿಯಲ್ಲಿ ಕಾಣೋ ಹಾಗೆ ಬರಬೇಕು. ಪ್ರಯೋಗಕ್ಕೆ ತೆಗೆದದ್ದರಲ್ಲಿ ಚೆಂಡು ಬಲೆಗೆ ಬಡಿದು ವಾಪಸ್ ಬರ್ತಿದೆ.

ಸಿಳ್ಳೆ
ಬಲೆ ಬಿಗಿಯಾಗಿದೆ. ಕೆಳಗಿನ ಗೂಟಗಳನ್ನು ಗೋಲಿನ ಕಡೆಗೆ ಅರ್ಧ ಮೀಟರ್ ಸರಿಸಿ, ಹಿಂದಿನ ಹಗ್ಗ ಸಡಿಲ ಮಾಡಿ. ಮೇಲೆ ಅಡ್ಡಪಟ್ಟಿಗೆ ಕಟ್ಟಿದ್ದು ಹಾಗೇ ಇರಲಿ. ನೆಲದ ಹತ್ತಿರ ಸಂದಿ ಬಿಡಬೇಡಿ, ಚೆಂಡು ನುಸುಳಿ ಹೊರಗೆ ಹೋಗುತ್ತೆ.

ಕಾಫಿನಾಡ_ಕ್ಯಾಮೆರಾ
ಬಿಳಿ ನೈಲಾನ್ ಬಲೆಯೇ ಹಾಕಿ, ಹಸಿರು ಬಲೆ ಕ್ಯಾಮೆರಾಗೆ ಕಾಣಲ್ಲ. ಒಂದು ಕ್ಯಾಮೆರಾ ಗೋಲಿನ ಹಿಂದೆ, ಬಲೆಯಿಂದ ಎರಡು ಮೀಟರ್ ಬಿಟ್ಟು, 35 ಎಂಎಂ ಲೆನ್ಸ್, 50 ಫ್ರೇಮ್. ಲೆನ್ಸ್ ಮುಂದೆ ಒಂದು ಅಕ್ರಿಲಿಕ್ ಹಲಗೆ ನಿಲ್ಲಿಸಿ. ಸಡಿಲ ಬಲೆ ಚೆಂಡಿನ ಜೊತೆ ಹಿಂದಕ್ಕೆ ಚಾಚುತ್ತೆ.